ಕಡ್ಡಿಯಿಲ್ಲದ ಸಾಲು

ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಶಶಿರೇಖಾಳ ಬ್ಯಾಗಿನ ಕಡೆ ಎರಡನೇ ಸಲ ನೋಡಿದಾಗ ಶಶಿರೇಖಾ ಅದನ್ನು ಕಾಲ ಬುಡದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅದರಲ್ಲಿ ಯಾರೂ ಕದಿಯುವಂಥದ್ದೇನೂ ಇರಲಿಲ್ಲ. ಒಂದು ಸ್ಟೀಲ್ ತಟ್ಟೆ, ಕಾಗದದಲ್ಲಿ ಸುತ್ತಿದ ನಾಲ್ಕು ಬ್ಲೇಡು, ಭೂತಗನ್ನಡಿ, ನೋಟ್‌ಬುಕ್ಕು, ಮೊಸರನ್ನದ ಡಬ್ಬಿ. ಆದರೂ ಬ್ಯಾಗಿನಿಂದ ಬೆಲ್ಲದ ವಾಸನೆ ಬರುತ್ತಿರಬಹುದು, ಅದಕ್ಕೇ ಈಕೆ ಮೂಗು ಅರಳಿಸಿ ನೋಡುತ್ತಿದ್ದಾಳೆ ಎನ್ನಿಸಿತು. ಮೂರು ತಿಂಗಳಲ್ಲಿ ಬ್ಯಾಗನ್ನು ಎರಡು ಸಲ ಒಗೆದಿದ್ದಳು. ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಲ್ಲಿ ಗಂಡ ಗೋವಿಂದರಾಜು, ವಸಂತನರಸಾಪುರದ ಫ್ಯಾಕ್ಟರಿಗೆ ಹೊರಡುವ ಅವಸರದಲ್ಲೂ ನಿಂತು, ಯಾಕೆ ಎರಡು ದಿನದಿಂದ ಒಂಥರಾ ಇದೀಯ ಎಂದು ಕೇಳಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಎಂದೂ ಕೇಳದವನು ಇವತ್ತೇ ಯಾಕೆ ಕೇಳಿದ? ಯಾರಾದರೂ ಏನಾದರೂ ಹೇಳಿರಬಹುದೇ? ಫ್ಯಾಕ್ಟರಿಯಲ್ಲಿ ಬೋಲ್ಟು ಎಣಿಸುವವನಿಗೆ ಹೊಂಗೆ ಬೇರಿನ ವಿಷಯ ಯಾರು ಹೇಳುತ್ತಾರೆ ಎಂದು ತನಗೆ ತಾನೇ ಬೈದುಕೊಂಡರೂ ಅನುಮಾನ ಮಾತ್ರ ಗುಬ್ಬಿಯವರೆಗೂ ಟಿಕೆಟ್ ತೆಗೆದುಕೊಂಡು ಅವಳ ಜೊತೆಯಲ್ಲೇ ಕೂತಿತ್ತು.

ವಿಷಯ ಇಷ್ಟೇ. ಹೊಂಗೆ, ಬದುವಿನಲ್ಲಿ ಸೊಪ್ಪಿಗೆಂದು ಬೆಳೆಸುವ ಗೊಬ್ಬರದ ಗಿಡ, ಇಂಥವುಗಳ ಬೇರಿನಲ್ಲಿ ಸಾಸಿವೆಯಿಂದ ಹಿಡಿದು ಕಡಲೆಕಾಳಿನ ಗಾತ್ರದವರೆಗೆ ಗಂಟುಗಳಾಗುತ್ತವೆ. ಗಂಟಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಆಹಾರ ಮಾಡಿ ಕೊಡುತ್ತದೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ತುಮಕೂರಿನ ಕಾಲೇಜೊಂದರಲ್ಲಿ ಪ್ರೊಫೆಸರ್ ಜಯಪ್ರಕಾಶ್ ಅವರು ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ಕರಿ ಪುಡಿಯಲ್ಲಿ ಸೇರಿಸಿ ಪ್ಯಾಕೆಟ್ ಮಾಡಿದ್ದರು. ಆ ಪ್ರಾಜೆಕ್ಟಿನಲ್ಲಿ ಶಶಿರೇಖಾ ಅಸಿಸ್ಟೆಂಟು, ವರ್ಷವರ್ಷಕ್ಕೂ ಮುಂದುವರಿಸುವ ಆರ್ಡರಿನ ಮೇಲೆ ಬದುಕುವವಳು. ಕುಣಿಗಲ್ಲಿನ ನರ್ಸರಿಯಲ್ಲಿ ಎರಡು ಸಾಲು, ಗುಬ್ಬಿಯ ನರ್ಸರಿಯಲ್ಲಿ ಎರಡು ಸಾಲು ಹೊಂಗೆ, ಸಾಲಿಗೆ ಇನ್ನೂರು ಗಿಡ. ಎರಡೂ ಕಡೆ ಒಂದು ಸಾಲಿನ ಬೀಜಕ್ಕೆ ಬೆಲ್ಲದ ನೀರಲ್ಲಿ ಕಲಸಿದ ಪುಡಿ ಸವರಿದ್ದು. ಅದರ ತಲೆಗೊಂದು ಕೆಂಪು ಬಣ್ಣದ ಕಡ್ಡಿ. ಇನ್ನೊಂದಕ್ಕೆ ಏನೂ ಹಾಕಿಲ್ಲ, ಅದಕ್ಕೆ ಕಡ್ಡಿಯೂ ಇಲ್ಲ. ಎರಡೂ ಸಾಲಿನ ಪಾಲಿಥಿನ್ ಚೀಲಗಳಿಗೆ ತುಂಬಿದ್ದು ಆಳದ ಗುಂಡಿಯಿಂದ ತೆಗೆದ ಮಣ್ಣು, ಅದರಲ್ಲಿ ಮೊದಲೇ ಬ್ಯಾಕ್ಟೀರಿಯಾ ಇರಬಾರದೆಂದು. ಮೂರು ತಿಂಗಳಾದ ಮೇಲೆ ಗಿಡ ಕಿತ್ತು, ಬೇರು ತೊಳೆದು, ಗಂಟು ಎಣಿಸಬೇಕು, ಬ್ಲೇಡಿನಿಂದ ಸೀಳಿ ಒಳಗಿನ ಬಣ್ಣ ನೋಡಬೇಕು. ಒಳಗೆ ಕೆಂಪಾಗಿದ್ದರೆ ಬ್ಯಾಕ್ಟೀರಿಯಾ ದುಡಿಯುತ್ತಿದೆ ಎಂದರ್ಥ. ನಿನ್ನೆ ಕುಣಿಗಲ್ಲಿನಲ್ಲಿ ಕಡ್ಡಿಯ ಸಾಲಿನ ಇಪ್ಪತ್ತು ಗಿಡ ಕಿತ್ತಿದ್ದಳು. ಒಂದರಲ್ಲೂ ಒಂದೂ ಗಂಟಿರಲಿಲ್ಲ. ಸಂಜೆ ಜಯಪ್ರಕಾಶ್ ಅವರಿಗೆ ಫೋನ್ ಮಾಡಿ, ಅಲ್ಲಿನ ಮಣ್ಣಿನದೇ ಏನೋ ದೋಷ ಇರಬೇಕು ಸಾರ್ ಎಂದಿದ್ದಳು. ಸಾರ್ ಹೂಂ ಎಂದಿದ್ದರು. ಆ ಹೂಂ ಎಷ್ಟು ಉದ್ದವಿತ್ತು ಎಂಬುದನ್ನೇ ರಾತ್ರಿಯಿಡೀ ಅಳೆದಿದ್ದಳು.

ಮಣ್ಣಿನ ದೋಷವಲ್ಲ ಎಂಬುದು ಅವಳಿಗೆ ಗೊತ್ತು. ಜೂನ್ ತಿಂಗಳಲ್ಲಿ ಬೀಜ ಹಾಕಿದ ದಿನ ಬೆಳಿಗ್ಗೆ ಲ್ಯಾಬಿನ ಒಲೆಯ ಮೇಲೆ ಬೆಲ್ಲ ಕರಗಿಸಿ ಕುದಿಸಿದ್ದಳು. ಕುದಿಸಿ ಪೂರ್ತಿ ಆರಿಸಬೇಕು, ಬಿಸಿಯಲ್ಲಿ ಪುಡಿ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಹೊಸಬರು ಬಂದಾಗಲೆಲ್ಲ ಇದನ್ನು ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಹಿಂದಿನ ವಾರ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದಕ್ಕೆ ಸಾರ್ ಎಲ್ಲರ ಮುಂದೆ, ನಿಮಗೆ ಮನೆಯೇ ಮುಖ್ಯವಾದರೆ ಮನೆಯಲ್ಲೇ ಇದ್ದುಬಿಡಿ ಎಂದಿದ್ದರು. ಪಿಎಚ್‌ಡಿ ಹುಡುಗಿ ಸುಶ್ಮಿತಾ ಆಗ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಿದ್ದು ನಗುವನ್ನು ತಡೆಯಲೋ, ಕನಿಕರವನ್ನು ತಡೆಯಲೋ ಇವತ್ತಿಗೂ ತೀರ್ಮಾನವಾಗಿಲ್ಲ. ಆ ಬೆಳಿಗ್ಗೆ ಸಾರ್ ಗುಬ್ಬಿಗೆ ನೇರವಾಗಿ ಬರುವುದಿತ್ತು. ಅವರಿಗಿಂತ ಮೊದಲು ತಾನು ಅಲ್ಲಿರಬೇಕೆಂಬ ಹಟದಲ್ಲಿ ಬೆಲ್ಲದ ನೀರನ್ನು ಒಲೆಯಿಂದ ಇಳಿಸಿದ ಹಾಗೇ ಕ್ಯಾನಿಗೆ ಸುರಿದುಕೊಂಡು ಬಸ್ಸು ಹತ್ತಿದ್ದಳು. ನರ್ಸರಿಯಲ್ಲಿ ಬಾಂಡ್ಲಿಗೆ ಸುರಿದು, ಪುಡಿ ಹಾಕಿ, ಬೀಜ ಹಾಕಿದಾಗ ಕಲಸಲು ಕೈ ಇಟ್ಟವಳು ಅಲ್ಲಿ ಕೂಲಿ ಮಾಡುವ ಚಿಕ್ಕಮಾರಮ್ಮ. ಕೈ ಚಕ್ಕನೆ ಎಳೆದುಕೊಂಡು, ಇನ್ನೂ ಸುಡ್ತೈತಲ್ಲವ್ವ ಎಂದಿದ್ದಳು. ನಿನಗೆ ಹೇಳಿದಷ್ಟು ಮಾಡು ಎಂದು ಶಶಿರೇಖಾ ಗದರಿದ್ದಳು. ಅಲ್ಲಿಂದಲೇ ಅರ್ಧ ಬೀಜ ಕುಣಿಗಲ್ಲಿಗೂ ಹೋಗಿತ್ತು. ಸಾರ್ ಅವತ್ತು ಬರಲೇ ಇಲ್ಲ, ಏನೋ ಮೀಟಿಂಗಂತೆ. ನೋಟ್‌ಬುಕ್ಕಿನಲ್ಲಿ ಅವಳು ತನ್ನ ದುಂಡು ಅಕ್ಷರದಲ್ಲಿ 'ಪೂರ್ತಿ ಆರಿಸಿದ ಬೆಲ್ಲದ ನೀರು' ಎಂದು ಬರೆದು ಸಹಿ ಹಾಕಿದ್ದಳು.

ನರ್ಸರಿ ಊರಿಗೆ ಒಂದು ಮೈಲಿ ಈಚೆಗೇ ಇತ್ತು. ಗೇಟಿನಲ್ಲೊಂದು ಹುಣಸೆಮರ. ಅದೂ ಹೊಂಗೆಯ ಹಾಗೆ ಕೋಡು ಬಿಡುವ ಕುಲದ್ದೇ, ಆದರೆ ಅದರ ಬೇರಿನಲ್ಲಿ ಗಂಟಾಗುವುದಿಲ್ಲ. ಯಾವ ಬ್ಯಾಕ್ಟೀರಿಯಾವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಂತ ಗೊತ್ತಾದ ದಿನದಿಂದ ಶಶಿರೇಖಾಗೆ ಆ ಮರದ ಮೇಲೆ ಒಂದು ಗೌರವ. ಹೊಂಗೆಯದ್ದೇ ಅವಳಿಗೆ ಅರ್ಥವಾಗದ ಸಂಗತಿ. ಮಣ್ಣಿನಲ್ಲಿ ಸಾವಿರ ಥರದ ಕ್ರಿಮಿಗಳಿರುವಾಗ ಇದೊಂದು ಬಂದಾಗ ಮಾತ್ರ ಬೇರಿನ ತುದಿಯ ಕೂದಲೆಳೆ ಬಗ್ಗಿ, ಸುತ್ತಿಕೊಂಡು, ಬಾ ಎಂದು ಒಳಗೆ ದಾರಿ ಬಿಡುತ್ತದೆಯಂತೆ. ಏನು ನೋಡಿ ನಂಬುತ್ತದೋ. ನಂಬಿ ಕೆಟ್ಟ ಬೇರುಗಳೂ ಇವೆ: ಒಳಗೆ ಬಂದು, ಸಕ್ಕರೆ ತಿಂದುಕೊಂಡು, ಏನೂ ದುಡಿಯದ ಬ್ಯಾಕ್ಟೀರಿಯಾ ಇರುವ ಗಂಟನ್ನು ಸೀಳಿದರೆ ಒಳಗೆಲ್ಲ ಬಿಳಿ. ಅಂಥದ್ದನ್ನು ಕಂಡಾಗಲೆಲ್ಲ ಅವಳಿಗೆ ಒಂದು ಬಗೆಯ ಸಮಾಧಾನವೇ ಆಗುತ್ತಿತ್ತು.

ನರ್ಸರಿ ನೋಡಿಕೊಳ್ಳುವ ಕೆಂಪಯ್ಯ ಕುರ್ಚಿ ತಂದು ಹಾಕಿ, ಟೀ ಹೇಳಲಾ ಎಂದು ಕೇಳಿದ. ಬೇಡವೆಂದಳು. ಯಾವತ್ತೂ ಇಲ್ಲದ ಉಪಚಾರ. ಸಾರ್ ಮಧ್ಯಾಹ್ನ ಬರ್ತಾರಂತೆ, ಫೋನ್ ಮಾಡಿದ್ರು ಎಂದು ಅವನೇ ಹೇಳಿದ. ತನಗೆ ಹೇಳದೆ ಕೆಂಪಯ್ಯನಿಗೆ ಯಾಕೆ ಫೋನು? ಚಿಕ್ಕಮಾರಮ್ಮ ಆಗಲೇ ನೀರಿನ ಬಕೆಟ್ಟು ತುಂಬಿಟ್ಟುಕೊಂಡು ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಐವತ್ತೈದರ ಮೇಲಿನ ಹೆಂಗಸು, ಹನ್ನೊಂದು ವರ್ಷದಿಂದ ಈ ನರ್ಸರಿಯಲ್ಲೇ ಕೆಲಸ. ಇಬ್ಬರು ಸೊಸೆಯರ ಮನೆಯಲ್ಲಿ ಇಡೀ ದಿನ ಕೂತಿರಬೇಕಾಗಿ ಬಂದರೆ ತಾನು ಒಂದು ತಿಂಗಳೂ ಉಳಿಯಲಾರೆ ಎಂದು ಯಾವಾಗಲೋ ಒಮ್ಮೆ ನಗುತ್ತಾ ಹೇಳಿದ್ದಳು. ಕಡ್ಡಿಯ ಸಾಲಿನಿಂದ ಶುರು ಮಾಡಿದರು. ಚೀಲ ಹರಿದು, ಮಣ್ಣು ಬಿಡಿಸಿ, ಬೇರನ್ನು ನೀರಲ್ಲಿ ಅಲ್ಲಾಡಿಸಿ ಚಿಕ್ಕಮಾರಮ್ಮ ಒಂದೊಂದೇ ಕೊಡುತ್ತಾ ಹೋದಳು. ಮೊದಲ ಗಿಡದಲ್ಲಿ ಏನೂ ಇಲ್ಲ. ಎರಡರಲ್ಲಿ ಇಲ್ಲ. ಹತ್ತರಲ್ಲೂ ಇಲ್ಲ. ಪ್ರತಿ ಸಲ ಬೇರು ಕೈಗೆ ಬಂದಾಗಲೂ ಶಶಿರೇಖಾ ಬೇರನ್ನು ಬಿಟ್ಟು ಆಕೆಯ ಮುಖ ನೋಡುತ್ತಿದ್ದಳು. ಅಲ್ಲಿ ಏನಾದರೂ ಕಂಡಿದ್ದರೆ ಅವಳಿಗೆ ಎಷ್ಟೋ ನಿರಾಳವಾಗುತ್ತಿತ್ತು. ಆಕೆಯ ಮುಖದ ಮೇಲೆ ಬಿಸಿಲು ಮಾತ್ರ ಇತ್ತು.

ಕಡ್ಡಿಯಿಲ್ಲದ ಸಾಲಿನ ಮೊದಲ ಗಿಡದ ಬೇರು ನೀರಿನಿಂದ ಮೇಲೆ ಬಂದಾಗ ಶಶಿರೇಖಾ ಅದನ್ನು ತಕ್ಷಣ ಕೈಗೆ ತೆಗೆದುಕೊಳ್ಳಲಿಲ್ಲ. ಬೇರಿನುದ್ದಕ್ಕೂ ಗಂಟುಗಳು, ಕೆಲವು ಒಂಟಿ, ಕೆಲವು ಒಂದಕ್ಕೊಂದು ಅಂಟಿದ ಗೊಂಚಲು. ಬ್ಲೇಡಿನಿಂದ ಒಂದನ್ನು ಸೀಳಿದಳು. ಒಳಗೆ ಎಳೆ ಮಾಂಸದ ಹಾಗೆ ಕೆಂಪು. ಎರಡನೇ ಗಿಡ, ಮೂರನೇ ಗಿಡ, ಎಲ್ಲವೂ ಹಾಗೇ. ಏನೂ ಹಾಕದ ಸಾಲಿನಲ್ಲಿ ಇಷ್ಟೆಲ್ಲ ಎಲ್ಲಿಂದ ಬಂತು? ಆಗಲೇ ಅವಳ ತಲೆ ತನ್ನಷ್ಟಕ್ಕೆ ತಾನೇ ಕೆಲಸ ಶುರು ಮಾಡಿತ್ತು. ಯಾರೋ ಕಡ್ಡಿಯನ್ನು ಈ ಸಾಲಿನಿಂದ ಕಿತ್ತು ಆ ಸಾಲಿಗೆ ನೆಟ್ಟಿದ್ದರೆ? ಆಗ ಗಂಟಿರುವುದೇ ಪುಡಿ ಹಾಕಿದ ಸಾಲು, ಪುಡಿ ಸತ್ತಿಲ್ಲ, ಬೆಲ್ಲದ ನೀರು ಬಿಸಿಯಿರಲಿಲ್ಲ, ಕುಣಿಗಲ್ಲಿನದು ನಿಜವಾಗಿಯೂ ಮಣ್ಣಿನ ದೋಷ. ಒಂದು ಕಡ್ಡಿಯ ಮಾತು, ಅಷ್ಟೇ. ಎಷ್ಟು ಚೆನ್ನಾಗಿ ಕೂಡುತ್ತದೆ ಎಂದರೆ, ಅದು ಸುಳ್ಳೆಂದು ಗೊತ್ತಿದ್ದೂ ಅವಳಿಗೆ ಅದನ್ನು ಅರ್ಧ ನಂಬಲು ಐದು ನಿಮಿಷವೂ ಬೇಕಾಗಲಿಲ್ಲ. ಯಾರು ಕಿತ್ತಿರಬಹುದು? ಇಲ್ಲಿ ದಿನಾ ನೀರು ಹಾಯಿಸುವವಳು ಒಬ್ಬಳೇ.

ಕಡ್ಡಿ ಮುಟ್ಟಿದ್ದೀಯಾ ಎಂದು ಕೇಳಿದಳು. ತನಗಿಂತ ಹತ್ತು ವರ್ಷ ದೊಡ್ಡವಳನ್ನು ಯಾವತ್ತೂ ನೀವು ಎನ್ನುತ್ತಿದ್ದವಳು ಜೂನ್ ತಿಂಗಳಿಂದ ನೀನು ಅನ್ನುತ್ತಿದ್ದೇನೆಂಬುದು ಆಗ ತಾನೇ ಗಮನಕ್ಕೆ ಬಂತು. ಚಿಕ್ಕಮಾರಮ್ಮ ಕಡ್ಡಿಯ ಕಡೆಯೂ ತಿರುಗಲಿಲ್ಲ.

"ಕಡ್ಡಿ ಯಾಕವ್ವ ಮುಟ್ಲಿ. ಮಣ್ಣು ಹಾಕ್ದೆ, ಅಷ್ಟೇಯ. ಬದುವಿನ ಮೇಲೆ ಹಳೇ ಹೊಂಗೆಮರ ಐತಲ್ಲ, ಅದರ ಬುಡದ್ದು. ಚೀಲಕ್ಕೊಂದೊಂದು ಹಿಡಿ. ನಮ್ಮ ಕಡೆ ಹೊಸ ಸಸಿ ಇಕ್ಕುವಾಗ ತಾಯಿಮರದ ಮಣ್ಣು ಹಾಕ್ದೆ ಇಕ್ಕಾದೇ ಇಲ್ಲ."

"ಈ ಸಾಲಿಗೆ ಮಾತ್ರ ಯಾಕೆ ಹಾಕಿದೆ? ಅದಕ್ಕೆ ಯಾಕೆ ಹಾಕಲಿಲ್ಲ?"

"ಅದಕ್ಕೆ ನೀವು ಹಾಕಿದ್ರಲ್ಲ ಪುಡಿಯ. ಊಟಕ್ಕೆ ಕೂರ್ಸಿ ಒಂದು ಸಾಲ್ಗೆ ಇಕ್ಕಿ ಇನ್ನೊಂದು ಸಾಲ್ಗೆ ಇಕ್ಕದೆ ಇರಾದಾ? ದಿನಾ ನೀರು ಹಾಕೋಳು ನಾನು. ಮನಸ್ಸು ತಡೀಲಿಲ್ಲ."

ಇಷ್ಟು ಸರಳವಾದ ಮಾತನ್ನು ಶಶಿರೇಖಾ ನಂಬುವುದಾದರೂ ಹೇಗೆ? ಹೋದ ವರ್ಷ ಡಿಪಾರ್ಟ್‌ಮೆಂಟಿನ ಬೀಳ್ಕೊಡುಗೆ ಊಟದಲ್ಲಿ ಹೋಳಿಗೆ ಬಡಿಸುತ್ತಾ ಬಂದವನು ಸರಿಯಾಗಿ ಅವಳ ಎಲೆಯ ಹತ್ತಿರ ಬಂದು, ತಟ್ಟೆ ಖಾಲಿ, ಈಗ ತರ್ತೀನಿ ಎಂದು ಹೋದವನು ಮತ್ತೆ ಬಂದಿದ್ದು ಮಜ್ಜಿಗೆ ಹಿಡಿದುಕೊಂಡು. ಆಚೆಯವರಿಗೂ ಇರಲಿಲ್ಲವೋ, ಅವಳೊಬ್ಬಳಿಗೆ ಇರಲಿಲ್ಲವೋ ನೋಡೋಣವೆಂದು ಸಾಲಿನ ಕೊನೆಯವರೆಗೂ ಬಗ್ಗಿ ಬಗ್ಗಿ ನೋಡಿದ್ದಳು. ಹಾಗೆ ನೋಡುವುದನ್ನು ಸುಶ್ಮಿತಾ ನೋಡಿದ್ದಳು. ತನ್ನ ಎಲೆಗೆ ಬೀಳದ್ದು ಇನ್ನೊಬ್ಬರ ಎಲೆಗೂ ಬೀಳದಿರಲಿ ಎಂದು ಅವಳಿಗೆ ಅನ್ನಿಸಿತ್ತೇ ಹೊರತು, ಯಾರ ಎಲೆ ಖಾಲಿಯಿದ್ದರೂ ಎದ್ದು ಹೋಗಿ ಬಡಿಸಬೇಕು ಅನ್ನಿಸಿರಲಿಲ್ಲ. ಹಾಗಿರುವಾಗ ಪಾಲಿಥಿನ್ ಚೀಲದ ಹೊಂಗೆಗೆ ಎದ್ದು ಹೋಗಿ ಬಡಿಸುವವರು ಇರುತ್ತಾರೆಯೇ? ಇಲ್ಲ, ಇದು ಬೇರೆಯೇ. ಅವತ್ತು ಕೈ ಸುಟ್ಟವಳು, ಗದರಿಸಿಕೊಂಡವಳು, ಕೆಂಪು ಕಡ್ಡಿಯ ಸಾಲು ಏಳುವುದಿಲ್ಲವೆಂದು ತಿಳಿದೇ ಪಕ್ಕದ ಸಾಲನ್ನು ಎಬ್ಬಿಸಿ ನಿಲ್ಲಿಸಿದ್ದಾಳೆ. ನೋಡಿದವರೆಲ್ಲ ಒಂದನ್ನು ನೋಡಿ ಇನ್ನೊಂದನ್ನು ಕೇಳಲಿ ಎಂದು. ಕೇಳಿದಾಗ ಹೇಳಲು ಮಾತನ್ನು ಮೂರು ತಿಂಗಳಿಂದ ಬಾಯಲ್ಲಿಟ್ಟುಕೊಂಡು ಕೂತಿದ್ದಾಳೆ. ಹೀಗೆ ಯೋಚಿಸಿದ ಮೇಲೆ ಅವಳಿಗೆ ಆ ಹೆಂಗಸಿನ ಮೇಲೆ ನಿಜವಾದ ದ್ವೇಷ ಬಂತು, ಭಯವೂ ಬಂತು. ಡಬ್ಬಿಯ ಮೊಸರನ್ನ ಹಾಗೇ ಉಳಿಯಿತು.

ಸಾರ್ ಕಾರು ಒಂದೂವರೆಗೆ ಬಂತು. ಇಳಿದವರೇ ನೇರವಾಗಿ ಬಂದು ಗೋಣಿಚೀಲದ ಮೇಲೆ ಹರಡಿದ್ದ ಗಿಡಗಳಲ್ಲಿ ಗಂಟಿನ ಬೇರೊಂದನ್ನು ಎತ್ತಿ ಹಿಡಿದರು. ಅವರ ಮುಖ ಅರಳಿತು. ನಮ್ಮ ಪುಡಿ ಕೆಲಸ ಮಾಡಿದೆ ನೋಡಿ ಎಂದರು. ಅದು ಕಡ್ಡಿಯಿಲ್ಲದ ಸಾಲಿನದು ಸಾರ್ ಎಂದು ಶಶಿರೇಖಾ ಹೇಳಬೇಕಾಯಿತು. ಅವರು ಬೇರನ್ನು ಕೆಳಗಿಟ್ಟರು. ಯಾರು ಏನು ಮಾಡಿದ್ದು ಎಂದು ಕೇಳಿದಾಗ, ಚಿಕ್ಕಮಾರಮ್ಮ ಮುಂದೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ತಾಯಿಮರದ ಮಣ್ಣಿನ ಕಥೆಯನ್ನು ಹೇಳಿದ ಹಾಗೇ ಹೇಳಿದಳು, ಊಟದ ಸಾಲಿನ ಮಾತನ್ನೂ ಬಿಡಲಿಲ್ಲ. ಸಾರ್ ರೇಗುತ್ತಾರೆಂದು ಶಶಿರೇಖಾ ಕಾದಳು. ಅವರು ನಕ್ಕುಬಿಟ್ಟರು. ನಾಲ್ಕು ವರ್ಷ ನಾನು ಲ್ಯಾಬಿನಲ್ಲಿ ಕೂತು ಮಾಡಿದ್ದನ್ನು ಈಯಮ್ಮ ಒಂದು ಹಿಡಿ ಮಣ್ಣಲ್ಲಿ ಮಾಡಿದಳು ನೋಡಯ್ಯ ಎಂದು ಕೆಂಪಯ್ಯನಿಗೆ ಹೇಳಿ, ಇನ್ನೊಂದು ಸಲ ಕೇಳದೆ ಹಾಗೆಲ್ಲ ಹಾಕಬೇಡಮ್ಮ, ನಮ್ಮ ಲೆಕ್ಕಾಚಾರವೆಲ್ಲ ತಪ್ಪಿಹೋಗುತ್ತೆ ಎಂದರು. ಅಷ್ಟರಲ್ಲಿ ಮುಗಿಯಿತು. ತನಗೆ ಇಪ್ಪತ್ತು ನಿಮಿಷಕ್ಕೆ ಸಿಗದ ಕ್ಷಮೆ ಈಕೆಗೆ ಇನ್ನೂರು ಗಿಡಕ್ಕೆ ಸಿಕ್ಕಿತಲ್ಲ ಎಂದು ಶಶಿರೇಖಾ ಒಳಗೇ ಕುದ್ದಳು.

ಆಮೇಲೆ ಅವರು ಖಾಲಿ ಬೇರೊಂದನ್ನು ತೆಗೆದುಕೊಂಡು ಭೂತಗನ್ನಡಿಯಲ್ಲಿ ತುಂಬಾ ಹೊತ್ತು ನೋಡಿದರು. ಅದು ಸರಿ, ಇದರಲ್ಲಿ ಯಾಕೆ ಒಂದೂ ಇಲ್ಲ ಎಂದು ಯಾರನ್ನೂ ನೋಡದೆ ಕೇಳಿದರು. ಕೆಂಪಯ್ಯ ತಲೆ ಕೆರೆದುಕೊಂಡ. ಆಗ ಚಿಕ್ಕಮಾರಮ್ಮ ಅರ್ಧ ಹೆಜ್ಜೆ ಮುಂದಿಟ್ಟು, "ಸಾರ್, ಒಂದು ಮಾತು" ಎಂದಳು.

"ಗೆದ್ದಲು ಪುಡಿ ಉದುರಿಸಿದಾರೆ ಸಾರ್ ಆ ಸಾಲಿಗೆ," ಎಂದಳು ಶಶಿರೇಖಾ. ದನಿ ತನ್ನದೇ, ಆದರೆ ಯಾರೋ ಹಿಂದೆ ನಿಂತು ನೂಕಿದಂತೆ ಬಂದಿತ್ತು. "ಇವರೇ. ಬ್ಯಾಕ್ಟೀರಿಯಾ ಎಲ್ಲಾ ಅದರಲ್ಲೇ ಸತ್ತಿರೋದು. ಬೆಳಿಗ್ಗೆ ನಾನು ಕೇಳ್ದಾಗ ಒಪ್ಕೊಂಡ್ರು."

ಮಣ್ಣು ಹಾಕಿದ್ದನ್ನು ಒಪ್ಪಿಕೊಂಡವಳು ಇದನ್ನೂ ಮಾಡಿರಬಹುದು ಎಂದು ಸಾರ್ ಮುಖದಲ್ಲಿ ಮೂಡುತ್ತಿದ್ದುದು ಕಾಣುತ್ತಿತ್ತು. ಕುಣಿಗಲ್ಲಿನ ಸಾಲಿಗೆ ಮಣ್ಣಿನ ದೋಷವೆಂಬ ಉತ್ತರ ಅವರಿಗೆ ನಿನ್ನೆಯೇ ಸಿಕ್ಕಿತ್ತು. ಕೆಂಪಯ್ಯ ನೆಲ ನೋಡಿದ. ನರ್ಸರಿಯ ಶೆಡ್ಡಿನಲ್ಲಿ ಗೆದ್ದಲಿಗೆ ಹಾಕುವ ವಿಷದ ಪುಡಿಯ ಡಬ್ಬ ಇತ್ತು, ಯಾವಾಗಲೂ ಇರುತ್ತದೆ. ನಾನು ಆ ಡಬ್ಬ ಮುಟ್ಟಿಲ್ಲ ಸಾರ್ ಎಂದಷ್ಟೇ ಚಿಕ್ಕಮಾರಮ್ಮ ಹೇಳಿದಳು, ದನಿ ಏರಿಸಲಿಲ್ಲ. ಮಣ್ಣು ಹಾಕಿದ್ದನ್ನೂ ನಾವಾಗಿ ಕಂಡುಹಿಡಿಯೋವರೆಗೂ ನೀನು ಹೇಳಿರಲಿಲ್ಲ ಅಲ್ಲವೇನಮ್ಮ ಎಂದರು ಸಾರ್. ಈ ಸಲ ನಗಲಿಲ್ಲ. ಸೋಮವಾರದಿಂದ ಈಯಮ್ಮನನ್ನು ಕರೆಯುವುದು ಬೇಡ ಎಂದು ಕೆಂಪಯ್ಯನಿಗೆ ಹೇಳಿ ಕಾರಿನ ಕಡೆ ಎರಡು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿದರು.

"ಅದೇನೋ ಒಂದು ಮಾತು ಅಂದ್ಯಲ್ಲ, ಏನದು?"

ಶಶಿರೇಖಾ ಬ್ಲೇಡುಗಳನ್ನು ಕಾಗದದಲ್ಲಿ ಸುತ್ತತೊಡಗಿದಳು.

"ಏನಿಲ್ಲ ಸಾರ್. ಕಿತ್ತ ಗಿಡವೆಲ್ಲ ಬಿಸಿಲಲ್ಲಿ ಬಿದ್ದವೆ, ಬೇರು ಒಣಗ್ತಾ ಐತೆ. ನಿಮ್ಮದು ನೋಡಿದ್ದಾಗಿದ್ರೆ ನೀರಲ್ಲಿ ಇಕ್ಲಾ ಅಂತ."

ಇಟ್ಕೋ ಎಂದು ಅವರು ಕೈ ಬೀಸಿ ಹೊರಟುಹೋದರು. ಕಾರು ಎಬ್ಬಿಸಿದ ಧೂಳು ಹುಣಸೆಮರದ ಮೇಲೆ ಕೂತಿತು. ಕೆಂಪಯ್ಯ ಶೆಡ್ಡಿನ ಕಡೆ ನಡೆದ, ಡಬ್ಬದಲ್ಲಿ ಪುಡಿ ಎಷ್ಟಿದೆ ನೋಡಲು ಹೋದನೇನೋ. ಚಿಕ್ಕಮಾರಮ್ಮ ಬಕೆಟ್ಟನ್ನು ನೆರಳಿಗೆ ಎಳೆದು ಗಿಡಗಳನ್ನು ಒಂದೊಂದಾಗಿ ನೀರಿಗೆ ಇಳಿಸತೊಡಗಿದಳು. ಗಂಟಿರುವುದು, ಇಲ್ಲದ್ದು ಎಂದು ಬೇರೆ ಮಾಡಲಿಲ್ಲ. ಶಶಿರೇಖಾಗೆ ಮೈಯೆಲ್ಲ ನಾಚಿಕೆಯಾಯಿತು, ಕಿವಿ ಬಿಸಿಯಾಗುವಂಥ, ಎಲ್ಲಾದರೂ ಹೋಗಿ ಕೂತುಬಿಡಬೇಕೆನ್ನಿಸುವಂಥ ನಾಚಿಕೆ. ಆದರೂ ಮನಸ್ಸಿನ ಒಂದು ಮೂಲೆ, ಈಕೆ ಬೇಕೆಂದೇ ಸುಮ್ಮನಿದ್ದಾಳೆ, ಮುಂದೆ ಯಾವಾಗಲೋ ಬಳಸಿಕೊಳ್ಳಲು ಇಟ್ಟುಕೊಂಡಿದ್ದಾಳೆ ಎಂದು ಹೇಳುತ್ತಲೇ ಇತ್ತು. ಅದರ ಬಾಯಿ ಮುಚ್ಚಿಸಬೇಕಾದರೆ ಕೇಳಲೇಬೇಕಿತ್ತು.

"ಬೆಲ್ಲದ ನೀರು ಬಿಸಿ ಇತ್ತು ಅಂತ ನೀವು ಯಾಕೆ ಹೇಳ್ಲಿಲ್ಲ?"

ಚಿಕ್ಕಮಾರಮ್ಮ ಕೈಲಿದ್ದ ಗಿಡವನ್ನು ನೀರಿಗೆ ಇಳಿಸಿ ಮುಗಿಸಿದ ಮೇಲೆ ತಲೆಯೆತ್ತಿದಳು.

"ನಾನು ಹೇಳಿದ್ರೆ, ಕೆಲಸ ಉಳಿಸ್ಕಳಕ್ಕೆ ನಿಮ್ಮ ಮೇಲೆ ಹೇಳ್ತಾವಳೆ ಅಂತಿದ್ರು. ನೀವೇ ಹೇಳ್ತೀರೇನೋ ಅಂತ ನೋಡ್ದೆ ಕಣವ್ವ."

ಆ ಮಾತಿನ ಅಡಿಯಲ್ಲಿ ಬೇರೇನಾದರೂ ಇರಬಹುದೆಂದು ಶಶಿರೇಖಾ ರೂಢಿಯಂತೆ ಹುಡುಕಿದಳು. ಚುಚ್ಚಿದ್ದೋ, ಹೆದರಿಸಿದ್ದೋ, ಕರುಣೆ ಬೇಡಿದ್ದೋ? ಯಾವುದೂ ಸಿಗಲಿಲ್ಲ. ಹೇಳಿದ್ದು ಅಷ್ಟೇ ಇತ್ತು. ಅನುಮಾನಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲದ ಆ ಗಳಿಗೆಯಲ್ಲಿ, ಮತ್ತೆ ಏನಾದರೂ ಸಿಕ್ಕಿಬಿಡುವ ಮೊದಲೇ, ಅವಳು ಫೋನ್ ತೆಗೆದು ಸಾರ್ ಹೆಸರನ್ನು ಒತ್ತಿದಳು. ಎತ್ತದಿದ್ದರೆ ಸಾಕು ಎಂದುಕೊಳ್ಳುತ್ತಿರುವಾಗಲೇ ಅವರು ಎತ್ತಿದರು. ಗೆದ್ದಲು ಪುಡಿಯ ಮಾತು ಸುಳ್ಳೆಂದಳು. ಬೆಲ್ಲದ ನೀರನ್ನು ತಾನು ಆರಿಸಿರಲಿಲ್ಲ, ಬಿಸಿಯಲ್ಲೇ ಪುಡಿ ಕಲಸಿದ್ದು, ಕುಣಿಗಲ್ಲಿಗೆ ಹೋಗಿದ್ದೂ ಅದೇ ಬೀಜ, ಬರೆದದ್ದೂ ಸುಳ್ಳು, ಆಯಮ್ಮನದು ಏನೂ ತಪ್ಪಿಲ್ಲ ಎಂದಳು. ಒಂದೇ ಉಸಿರಿಗೆ ಹೇಳಿದ್ದರಿಂದ ಕೊನೆಯಲ್ಲಿ ಏದುಸಿರು ಬಂತು.

"ಆಯಮ್ಮ ಅಲ್ಲೇ ನಿಂತಿದಾಳಾ?" ಎಂದು ಕೇಳಿದರು ಸಾರ್. "ಅತ್ಲಾ? ಶಶಿರೇಖಾ, ನಿಮ್ಮದು ಮೆದು ಮನಸ್ಸು, ನಂಗೆ ಗೊತ್ತು. ಆದ್ರೆ ಹೀಗೆ ಬೇರೆಯವರ ತಪ್ಪೆಲ್ಲ ಮೈಮೇಲೆ ಎಳ್ಕೋಬೇಡಿ. ಆರಿಸಿದ ನೀರು ಅಂತ ಅವತ್ತೇ ಬರೆದು ಸಹಿ ಹಾಕಿದೀರಲ್ಲ, ನಾನು ನೋಡಿದೀನಿ. ಬಿಸಿಲು ಜಾಸ್ತಿ ಇದೆ, ಹೊರಡಿ ಮನೆಗೆ."

ಅವಳು ಇಲ್ಲ ಸಾರ್ ಎನ್ನುವಷ್ಟರಲ್ಲಿ ಕರೆ ಮುಗಿದಿತ್ತು. ಮತ್ತೆ ಮಾಡಿದಳು. ಎತ್ತಲಿಲ್ಲ. ಇನ್ನೊಂದು ಸಲ ಮಾಡಿದಳು.

ಚಿಕ್ಕಮಾರಮ್ಮ ಒದ್ದೆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. "ಏನಂದ್ರವ್ವ?" ಎಂದು ಕೇಳಿದಳು.

"ನಾನು ತುಂಬಾ ಒಳ್ಳೆಯವಳಂತೆ," ಎಂದಳು ಶಶಿರೇಖಾ.